ಚಿಲ್ಲರೆ

ಲೆಕ್ಕ ನನಗೆ ಹೊಸತಲ್ಲ.
ಸ್ಟೇಟ್ ಬ್ಯಾಂಕಿನಿಂದ ತಲಪಾಡಿ, ತಲಪಾಡಿಯಿಂದ ಸ್ಟೇಟ್ ಬ್ಯಾಂಕ್,
ಟ್ರಿಪ್ಪಿಗೆ ಇಷ್ಟು ತಲೆ, ಇಷ್ಟು ಅರ್ಧ ಟಿಕೇಟು, ಇಷ್ಟು ಪಾಸು.
ಈಗ ಕ್ಯಾಲೆಂಡರಿನ ಚೌಕದೊಳಗೆ
ಪ್ರಫುಲ್ಲ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾಳೆ:
ಸೋಮವಾರ ಒಂಬತ್ತು, ಮಂಗಳವಾರ ಏಳು,
ಬುಧವಾರ ಐದು (ಅವತ್ತು ನಾವು ನಕ್ಕೆವು),
ಗುರುವಾರ ಪುನಃ ಹತ್ತು.

ಶಮಿಕಾಳಿಗೆ ಒಂದೂವರೆ ವರ್ಷ.
‘ಬೇಡ’ ಎಂಬುದು ಈಚೆಗೆ ಕಲಿತ ಶಬ್ದ.
ಓಆರ್‌ಎಸ್ ಬೇಡ. ಗಂಜಿತಿಳಿ ಬೇಡ. ಬೊಂಡದ ನೀರು ಬೇಡ.
ಚಮಚ ಕಂಡರೆ ಬಾಯಿಗೆ ಬೀಗ.
ಇಂಕ್ ಫಿಲ್ಲರಿನಲ್ಲಿ ಕೆನ್ನೆಯ ಸಂದಿಗೆ
ಎರಡು ನಿಮಿಷಕ್ಕೊಂದು ಗುಟುಕು;
ಒಂದು ಲೋಟ ಮುಗಿಯುವಾಗ
ಆಚೆ ಕೇರಿಯ ಮಸೀದಿಯಲ್ಲಿ ಬೆಳಗಿನ ಬಾಂಗ್.

ಉಪಾಯ ಹೇಳದವರಿಲ್ಲ.
ಐರಿನ್ ಬಾಯಿ ಜಾಯಿಕಾಯಿ ತೇದು ತಂದರು.
ಅತ್ತೆ ಫೋನಿನಲ್ಲಿ: ‘ದಾಳಿಂಬೆ ಸಿಪ್ಪೆ, ಮಜ್ಜಿಗೆಯಲ್ಲಿ.’
ಡ್ರೈವರ್ ಡೊಲ್ಫಿ ಗೇರು ಬದಲಿಸುತ್ತ:
‘ಹಲ್ಲು ಬರ್ತಾ ಉಂಟು ಮಾರಾಯ, ಅಷ್ಟೇ.’
ಎದುರು ಮನೆಯವರು ಉಪ್ಪು-ಮೆಣಸು ನಿವಾಳಿಸಿ
ನಮ್ಮ ಗ್ಯಾಸಿನ ಒಲೆಗೇ ಹಾಕಿದರು.
ಎಲ್ಲರೂ ಕೆಮ್ಮಿದೆವು.
‘ಘಾಟು ಬಂತಲ್ಲ, ಹಾಗಾದ್ರೆ ದೃಷ್ಟಿ ಅಲ್ಲ’
ಎಂದು ಅವರೇ ತೀರ್ಪು ಕೊಟ್ಟು ಹೋದರು.

ಶನಿವಾರ ರಾತ್ರಿ ಕಣ್ಣು ಒಳಗೆ ಹೋಯಿತು.
ಅತ್ತರೂ ನೀರು ಬರಲಿಲ್ಲ.
ಬೈರಾಸಿನಲ್ಲಿ ಸುತ್ತಿ ಓಡಿದರೆ
ಮಹಾಕಾಳಿಪಡ್ಪಿನ ಗೇಟು ಬಿದ್ದಿತ್ತು.
ಗೂಡ್ಸು. ಅವಸರವೇ ಇಲ್ಲದ್ದು.
ದಿನವಿಡೀ ಬಸ್ಸಿಗೆ ಹೇಳುವುದನ್ನೇ ಅದಕ್ಕೂ ಹೇಳಿದೆ,
ರೈಟ್, ಪೋಯಿ, ಪೋಯಿ,
ಹಲ್ಲು ಕಚ್ಚಿಕೊಂಡು, ಯಾರಿಗೂ ಕೇಳದ ಹಾಗೆ.
ನಲವತ್ತೆರಡು ಡಬ್ಬಿ.
ಹೆಗಲ ಮೇಲೆ ಅವಳು ಖಾಲಿ ಚೀಲದಷ್ಟು ಹಗುರ.

ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು;
ಅದು ತನ್ನ ಜಾಗಕ್ಕೆ ಮರಳಲು ತಡ ಮಾಡಿತು.
‘ಮೂತ್ರ ಹೋಗ್ತದಾ? ರಕ್ತ ಉಂಟಾ?
ಬಾಯಿಗೆ ಎಂತೆಲ್ಲ ಹಾಕ್ತಾಳೆ?’
ಪ್ರಫುಲ್ಲ ಹೇಳಿದಳು: ಚಪ್ಪಲಿ, ರಿಮೋಟು, ಕಿಟಕಿಯ ಸರಳು.
ಒಂದನ್ನು ಬಿಟ್ಟಳು.

ರಾತ್ರಿ ಒಂಬತ್ತೂವರೆಗೆ ಚರ್ಮದ ಬ್ಯಾಗು ನೆಲಕ್ಕೆ ಸುರಿದು
ಒಂದು, ಎರಡು, ಐದು, ಹತ್ತು ಬೇರೆ ಮಾಡುವಾಗ
ಎದುರು ಕೂತು ಸಹಾಯ ಮಾಡುತ್ತಿದ್ದಳು ಮಗಳು.
ಹತ್ತರ ನಾಣ್ಯ ಇಷ್ಟ, ಎರಡು ಬಣ್ಣದ್ದು.
ಬಾಯಿಂದ ಕಿತ್ತು, ಅಂಗಿಗೆ ಒರೆಸಿ,
ನಗುತ್ತಲೇ ರಾಶಿಗೆ ಸೇರಿಸುತ್ತಿದ್ದೆ.
ದಕ್ಕೆಯಿಂದ ಹತ್ತಿದವರ ಕೈ, ಮೂಗು ಒರೆಸಿದ ಕೈ,
ತುಟಿಯಲ್ಲಿ ಕಚ್ಚಿ ಹಿಡಿದ ನೋಟು,
ಊರಿಗೆ ಊರೇ ನನ್ನ ಬೆರಳು ಹಿಡಿದು
ಮನೆಯೊಳಗೆ ಬರುತ್ತಿತ್ತು.

‘ಯಾವುದರಿಂದ ಅಂತ ಹೇಳ್ಲಿಕ್ಕಾಗುದಿಲ್ಲ’ ಎಂದರು ಡಾಕ್ಟರು.
ಅದು ನನಗೆ ಸಮಾಧಾನವೋ ಅಲ್ಲವೋ ಗೊತ್ತಾಗಲಿಲ್ಲ.
ಎರಡು ದಿನ ಡ್ರಿಪ್ಪು.
ರಟ್ಟು ಕಟ್ಟಿದ ಪುಟ್ಟ ಕೈಯೆತ್ತಿ ನರ್ಸಿಗೂ ‘ಬೇಡ’.

ಮನೆಗೆ ಬಂದ ಮರುದಿನ ಹೊಸ್ತಿಲ ಹೊರಗೆ,
ಬಕೆಟಿನ ಪಕ್ಕ, ತೆಂಗಿನ ಗೆರಟೆಯಲ್ಲಿ ಸೋಪು.
ಗೋಡೆಯಲ್ಲಿ, ನನ್ನ ತಲೆಗಿಂತ ಮೇಲೆ, ಬ್ಯಾಗಿಗೊಂದು ಮೊಳೆ.
ಅದನ್ನು ಹೊಡೆಯಲು ಪ್ರಫುಲ್ಲ ಸ್ಟೂಲು ಹತ್ತಿರಬೇಕು,
ಅಷ್ಟು ರಾತ್ರಿ ನಿದ್ದೆಗೆಟ್ಟವಳು.
ಏನೂ ಹೇಳಲಿಲ್ಲ. ಕೇಳಲೂ ಇಲ್ಲ ನಾನು.
ಮೊಣಕೈವರೆಗೆ ತೊಳೆದೆ. ಎರಡು ಸಲ.

ಹತ್ತೊಂಬತ್ತನೆಯ ಬೆಳಿಗ್ಗೆ ಕರೆದಳು: ‘ಬನ್ನಿ, ನೋಡಿ.’
ಪಾಟಿಯಲ್ಲಿ, ಬಾಳೆಹಣ್ಣಿನ ತುಂಡಿನ ಹಾಗೆ,
ಗಟ್ಟಿ. ಒಂದೇ ಒಂದು.
ಇಬ್ಬರೂ ಬಗ್ಗಿ ನೋಡಿದೆವು,
ಅಕ್ಕಸಾಲಿಗನ ಅಂಗಡಿಯಲ್ಲಿ ತಕ್ಕಡಿ ನೋಡುವವರ ಹಾಗೆ.
ಮಧ್ಯದಲ್ಲಿ ಅವಳು, ಬರೀ ಕುಂಡೆ,
ತನಗೆ ತಾನೇ ಚಪ್ಪಾಳೆ ತಟ್ಟಿದಳು,
ಆಮೇಲೆ ಒಣಮೀನಿನ ಚಟ್ನಿಗೆ ಕೈ ತೋರಿಸಿದಳು.

ಮೊದಲ ಟ್ರಿಪ್ಪಿನಲ್ಲಿ ಒಬ್ಬರು ಅಜ್ಜಿ:
‘ಎಂತ ಕಂಡಕ್ಟ್ರೆ, ಗಡಿಯಾಚೆ ಲಾಟರಿ ಹೊಡೀತಾ?’
ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ
ಎರಡು ಬಣ್ಣದ ನಾಣ್ಯ ನೀಡಿದರು.
ಒದ್ದೆಯಿತ್ತು.
ತೆಗೆದುಕೊಂಡೆ. ಟಿಕೇಟು ಕೊಟ್ಟೆ.